‘ಕಾದು’ ಎಂಬ ಧಾತುವಿನ ಹಿರಿಮೆ



ಯುದ್ಧವನ್ನು ಸಾರುವುದು ಬೇರೆ, ಹೂಡುವುದು ಬೇರೆ, ಕಾದುವುದು ಬೇರೆ. ಮೊದಲನೆಯದು ಘೋಷಣೆ, ಎರಡನೆಯದು ಆರಂಭ. ಮೂರನೆಯದೇ ಎದುರಾಳಿಯ ಮುಂದೆ ನಿಂತು ನಡೆಸುವ ಹೋರಾಟ. ಇಂದು ಹೆಚ್ಚಾಗಿ ‘ಕಾದಾಡು’ ಎಂಬ ಜೋಡುರೂಪದಲ್ಲಿ ಉಳಿದಿರುವ ಈ ಧಾತುವು ಹಳಗನ್ನಡದಲ್ಲಿ ಸ್ವತಂತ್ರವಾಗಿ ಬಾಳಿದ ಪದವಾಗಿದೆ.

ಇದರ ಬಳಿಯಲ್ಲಿಯೇ ರಕ್ಷಿಸು ಎಂಬರ್ಥದ ‘ಕಾ’ ಧಾತುವೂ ಇದೆ. ‘ಕಾ’ ಧಾತುವಿನ ಭೂತರೂಪ ‘ಕಾದು’. ‘ಕಾದು’ ಧಾತುವಿನ ಭೂತರೂಪ ‘ಕಾದಿ’. ‘ಊರಂ ಕಾದು’ ಎಂದರೆ ಊರನ್ನು ರಕ್ಷಿಸಿ. ‘ಊರೊಳ್ ಕಾದಿ’ ಎಂದರೆ ಊರಿನಲ್ಲಿ ಹೋರಾಡಿ. ಒಂದು ಸ್ವರ ತಪ್ಪಿದರೆ ಶಾಸನದ ಅರ್ಥವೇ ಬದಲಾಗುವುದನ್ನು ವಾಚಕರು ಗಮನಿಸಬೇಕು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನೇ ನೋಡಿರಿ. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ನಡೆಸಿದ ಯುದ್ಧವನ್ನು ‘ಕಾದಿ’ ಎಂಬ ಮಾತಿನಿಂದಲೇ ಹೇಳುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಸೆಣಸಿ, ಎರಡೂ ಮಡಿದವು. ಚಕ್ರವರ್ತಿಯ ವಿಜಯವೂ ನಾಯಿಯ ಮರಣವೂ ಒಂದೇ ಕಲ್ಲಿನಲ್ಲಿ ಉಳಿದುಬಂದಿವೆ.

ಆದರೆ ನಮ್ಮ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಬಹಳಷ್ಟು ಅರಸರವಲ್ಲ. ತುರುಗಳನ್ನು ಮರಳಿಸಲು, ಊರಳಿವನ್ನು ತಡೆಯಲು, ಹೆಣ್ಣುಮಕ್ಕಳ ಮಾನವುಳಿಸಲು ಕಾದಿ ಮಡಿದ ಸಾಮಾನ್ಯರ ಕಲ್ಲುಗಳವು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಅವರು ಕಾದಿದ್ದು ಕಾಯುವುದಕ್ಕಾಗಿ. ವ್ಯಾಕರಣವು ಬೇರೆಯಾಗಿಟ್ಟ ಎರಡು ಧಾತುಗಳನ್ನು ಅವರ ಬಾಳು ಒಂದುಗೂಡಿಸಿತು.

ಶರಣರ ಇತಿಹಾಸದಲ್ಲಿಯೂ ಇದೇ ಹಿರಿಮೆಯುಂಟು. 12ನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದು ಉಳವಿಯತ್ತ ಸಾಗಿದ ಶರಣರು, ಬೆನ್ನಟ್ಟಿ ಬಂದ ಸೈನ್ಯವನ್ನು ಇಂದಿನ ಬೆಳಗಾವಿ ಜಿಲ್ಲೆಯ ಕಾದರವಳ್ಳಿಯಲ್ಲಿ ಎದುರಿಸಿದರೆಂದು ಪರಂಪರೆಯು ಹೇಳುತ್ತದೆ. ವಚನದ ಕಟ್ಟುಗಳನ್ನು ಉಳಿಸಲು ಮಡಿವಾಳ ಮಾಚಿದೇವರು ಹೋರಾಡಿದರೆಂಬುದೂ ಅದೇ ಪರಂಪರೆಯ ಮಾತು. ರಾಜ್ಯ ಗೆಲ್ಲುವ ಆಸೆ ಅಲ್ಲಿರಲಿಲ್ಲ. ನುಡಿಯನ್ನು ಉಳಿಸುವ ಹೊಣೆಯಿತ್ತು.

ಆದುದರಿಂದ, ಯಾರಾದರೂ ಕಾದಿದರೆಂದು ಕೇಳಿದಾಗ, ಯಾರನ್ನು ಗೆದ್ದರೆಂದು ಕೇಳುವ ಮೊದಲು ಏನನ್ನು ಕಾಯ್ದರೆಂದು ಕೇಳಿರಿ. ನಮ್ಮ ನಮ್ಮ ಮನೆ, ಊರು, ಸಮಾಜಗಳ ಜಗಳಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ಕಾಯುವುದಕ್ಕೆ ಏನೂ ಇಲ್ಲದ ಕದನವು ಬರಿಯ ಕಲಹವೇ ಸರಿ.