ಎಣಿಕೆಯ ಪ್ರಶ್ನೆ, ಗಡಿಯ ಗೆರೆ: ಬೆಲ್ಜಿಯಂನ ಭಾಷಾಗಣತಿಯಿಂದ ಮತದಾರರ ಸಮೀಕ್ಷೆಯವರೆಗೆ

ಬೆಲ್ಜಿಯಂ ದೇಶದ ಪೂರ್ವದಲ್ಲಿ, ನೆದರ್ಲೆಂಡ್ಸ್ ಗಡಿಗೆ ಹೊಂದಿಕೊಂಡು, ವೂರೆನ್ ಎಂಬ ಒಂದೇ ಹೆಸರಿನಿಂದ ಗುರುತಿಸಲಾಗುವ ಆರು ಹಳ್ಳಿಗಳಿವೆ. ಫ್ರೆಂಚ್ ಭಾಷಿಕರು ಇವನ್ನು ಫುರೋಂ ಎನ್ನುತ್ತಾರೆ. ಒಟ್ಟು ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. 1930ರ ಜನಗಣತಿಯಲ್ಲಿ ಇಲ್ಲಿಯ ಬಹುಸಂಖ್ಯಾತರು ತಮ್ಮ ಭಾಷೆ ಡಚ್ ಎಂದು ಬರೆಸಿದರು. 1947ರ ಗಣತಿಯಲ್ಲಿ ಬಹುಮತ ಫ್ರೆಂಚಿನ ಕಡೆಗಿತ್ತು. ಈ ಹದಿನೇಳು ವರ್ಷಗಳಲ್ಲಿ ಹಳ್ಳಿಗರೇನೂ ಊರು ಬಿಟ್ಟು ಹೋಗಿರಲಿಲ್ಲ. ಮನೆಗಳಲ್ಲಿ ಆಡುತ್ತಿದ್ದ, ಡಚ್ಚಿಗೆ ಸಮೀಪವಾದ ಉಪಭಾಷೆಯೂ ಮರೆಯಾಗಿರಲಿಲ್ಲ. ಬದಲಾದದ್ದು ಗಣತಿಯ ಉತ್ತರಕ್ಕಿದ್ದ ಅರ್ಥ. ರಾಜಕೀಯ ಧ್ರುವೀಕರಣವನ್ನು ಅಂಕಿಅಂಶಗಳ ಮೂಲಕ ಅರಿಯಲು ಹೊರಡುವವರು ಈ ಆರು ಹಳ್ಳಿಗಳ ಚರಿತ್ರೆಯನ್ನು ಮೊದಲು ಗಮನಿಸಬೇಕಾಗುತ್ತದೆ.

1830ರಲ್ಲಿ ಸ್ವತಂತ್ರವಾದ ಬೆಲ್ಜಿಯಂನಲ್ಲಿ ಉತ್ತರದ ಫ್ಲಾಂಡರ್ಸಿನ ಜನ ಡಚ್ಚಿನ ಪ್ರಭೇದಗಳನ್ನೂ, ದಕ್ಷಿಣದ ವಲೋನಿಯದ ಜನ ಫ್ರೆಂಚ್ ಮತ್ತು ಅದರ ನಿಕಟ ನುಡಿಗಳನ್ನೂ ಆಡುತ್ತಿದ್ದರು. ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣಗಳು ಮಾತ್ರ ಬಹುಕಾಲ ಫ್ರೆಂಚಿನ ವಶದಲ್ಲಿದ್ದವು. ಸಂಖ್ಯಾಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬನಾದ ಅಡಾಲ್ಫ್ ಕೆಟ್ಲೆಯ ನೇತೃತ್ವದಲ್ಲಿ 1846ರಲ್ಲಿ ನಡೆದ ಗಣತಿಯು ಜನರು ಸಾಮಾನ್ಯವಾಗಿ ಆಡುವ ಭಾಷೆ ಯಾವುದೆಂದು ಮೊದಲ ಬಾರಿಗೆ ಕೇಳಿತು. ಆ ಉತ್ತರದಿಂದ ಯಾರ ಶಾಲೆಯೂ ಕಚೇರಿಯೂ ಬದಲಾಗುವಂತಿರಲಿಲ್ಲ. ಆದುದರಿಂದ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ.

1932ರ ಭಾಷಾ ಕಾನೂನು ಈ ಸ್ಥಿತಿಯನ್ನು ಬದಲಿಸಿತು. ಗಡಿಯ ಊರುಗಳ ಆಡಳಿತಭಾಷೆ ಗಣತಿಯ ಫಲಿತಾಂಶವನ್ನು ಅನುಸರಿಸತಕ್ಕದ್ದೆಂದೂ, ಭಾಷಾ ಅಲ್ಪಸಂಖ್ಯಾತರು ಶೇಕಡಾ 30ನ್ನು ಮುಟ್ಟಿದರೆ ಅವರೊಡನೆ ಅವರ ಭಾಷೆಯಲ್ಲಿಯೇ ವ್ಯವಹರಿಸತಕ್ಕದ್ದೆಂದೂ ಅದು ವಿಧಿಸಿತು. ಅಂದಿನಿಂದ ಗಣತಿಯ ಹಾಳೆ ಮತಪತ್ರದಂತಾಯಿತು. ಯುದ್ಧಾನಂತರದ 1947ರ ಗಣತಿಯ ಭಾಷಾ ಫಲಿತಾಂಶಗಳನ್ನು ಸರ್ಕಾರ ಪ್ರಕಟಿಸಿದ್ದು 1954ರಲ್ಲಿ. ಅದರ ಪರಿಣಾಮವಾಗಿ ಮೂರು ಫ್ಲೆಮಿಷ್ ಊರುಗಳು ದ್ವಿಭಾಷಾ ಬ್ರಸೆಲ್ಸಿಗೆ ಸೇರಿದವು. ಸಾಮಾಜಿಕ ಪ್ರತಿಷ್ಠೆಗಾಗಿ ಜನ ಫ್ರೆಂಚ್ ಎಂದು ಬರೆಸಿದ್ದಾರೆಂಬುದು ಫ್ಲೆಮಿಷರ ಆಕ್ಷೇಪ. ಜನರ ಇಚ್ಛೆಯೇ ಪ್ರಮಾಣವೆಂಬುದು ಎದುರು ಪಕ್ಷದ ವಾದ. ಮುಂದಿನ ಗಣತಿಯ ಸಿದ್ಧತೆ ನಡೆದಾಗ ಫ್ಲಾಂಡರ್ಸಿನ ಅನೇಕ ಮೇಯರುಗಳು ಭಾಷಾಪ್ರಶ್ನೆಯುಳ್ಳ ನಮೂನೆಗಳನ್ನು ಹಂಚಲು ನಿರಾಕರಿಸಿದರು. 1961ರ ಜುಲೈಯಲ್ಲಿ ಸಂಸತ್ತು ಆ ಪ್ರಶ್ನೆಯನ್ನೇ ತೆಗೆದುಹಾಕಿತು.

1962ರ ನವೆಂಬರಿನ ಕಾನೂನು ಭಾಷಾಗಡಿಯನ್ನು ಸ್ಥಿರಗೊಳಿಸಿತು. ಕೊಮಿನ್ ಮತ್ತು ಮುಸ್ಕ್ರೋಂ ವಾಲೂನರ ಪಾಲಾದವು. ವೂರೆನ್ ಹಳ್ಳಿಗಳು ಲಿಯೇಜ್ ಪ್ರಾಂತದಿಂದ ಬೇರ್ಪಟ್ಟು ಫ್ಲೆಮಿಷ್ ಲಿಂಬರ್ಗ್ ಪ್ರಾಂತಕ್ಕೆ ಸೇರಿದವು. ಹಳ್ಳಿಗರಲ್ಲಿ ಹಲವರ ಸಂತೆ, ಉದ್ಯೋಗ, ಸಂಬಂಧಗಳು ಲಿಯೇಜಿನೊಡನೆ ಇದ್ದವು. 1980ರ ದಶಕದಲ್ಲಿ ಅಲ್ಲಿನ ಮೇಯರ್ ಜೋಸೆ ಅಪ್ಪಾರ್ ಡಚ್ ಭಾಷಾಜ್ಞಾನವನ್ನು ರುಜುವಾತುಪಡಿಸಲು ಒಪ್ಪದೆ ಹೋದದ್ದರಿಂದ ಎದ್ದ ವಿವಾದ 1987ರಲ್ಲಿ ಕೇಂದ್ರ ಸರ್ಕಾರವನ್ನೇ ಉರುಳಿಸಿತು. ಇಷ್ಟರಲ್ಲಿ ರಾಷ್ಟ್ರೀಯ ಪಕ್ಷಗಳೂ ಭಾಷೆಯ ಗೆರೆಯಲ್ಲಿ ಒಡೆದಿದ್ದವು: 1968ರಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟರು, 1970ರ ದಶಕದ ಆರಂಭದಲ್ಲಿ ಲಿಬರಲ್ಲರು, 1978ರಲ್ಲಿ ಸಮಾಜವಾದಿಗಳು.

ಪಕ್ಷಗಳು ಒಡೆದಷ್ಟು ಜನರ ಮನಸ್ಸೂ ಒಡೆದಿತ್ತೆ? 1991ರ ನವೆಂಬರ್ 24ರ ಚುನಾವಣೆಯ ನಂತರ, ಲ್ಯೂವೆನ್ನಿನ ಡಚ್ ವಿಶ್ವವಿದ್ಯಾಲಯ ಮತ್ತು ಅದರಿಂದ ಬೇರ್ಪಟ್ಟ ಫ್ರೆಂಚ್ ವಿಶ್ವವಿದ್ಯಾಲಯದ ಸಂಶೋಧಕರು ಮಾದರಿ ಸಮೀಕ್ಷೆಯ ಮೂಲಕ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಆಯ್ದ ಮತದಾರರನ್ನು ಮುಖತಃ ಭೇಟಿಯಾಗಿ ಪ್ರಶ್ನಿಸುವ ಈ ಕ್ರಮ ಮುಂದಿನ ಚುನಾವಣೆಗಳಲ್ಲಿಯೂ ಮುಂದುವರಿಯಿತು. ಇಲ್ಲಿ ‘ಈ ಭಾಷೆಯೋ ಆ ಭಾಷೆಯೋ’ ಎಂಬ ಒತ್ತಾಯವಿರಲಿಲ್ಲ. ಬೆಲ್ಜಿಯನ್ ಮಾತ್ರವೇ, ಬೆಲ್ಜಿಯನ್ನಿಗಿಂತ ಹೆಚ್ಚು ಫ್ಲೆಮಿಷರೇ, ಎರಡೂ ಸಮಸಮವೇ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳಲಾಯಿತು. ಬಹುಪಾಲು ಜನ ಎರಡು ಗುರುತುಗಳನ್ನೂ ಯಾವುದೋ ಒಂದು ಪ್ರಮಾಣದಲ್ಲಿ ಒಪ್ಪಿಕೊಂಡರು. ಫ್ಲಾಂಡರ್ಸ್ ಪ್ರತ್ಯೇಕ ದೇಶವಾಗಬೇಕೆಂದವರು ಫ್ಲೆಮಿಷರಲ್ಲಿಯೂ ಅಲ್ಪಸಂಖ್ಯಾತರೇ ಆಗಿದ್ದರು.

ಯಾಕ್ ಬಿಲಿಯೆಟ್, ಬಾರ್ಟ್ ಮಾಡನ್ಸ್ ಮೊದಲಾದವರು ಇದೇ ದತ್ತಾಂಶದಿಂದ ಮತ್ತೊಂದು ಸಂಗತಿಯನ್ನು ಹೊರತಂದರು. ಫ್ಲಾಂಡರ್ಸಿನಲ್ಲಿ ಪ್ರಾದೇಶಿಕ ಅಭಿಮಾನ ಹೆಚ್ಚಿದ್ದವರು ವಲಸಿಗರ ಬಗ್ಗೆ ಹೆಚ್ಚು ಪ್ರತಿಕೂಲ ಭಾವ ತೋರಿದರೆ, ವಲೋನಿಯದಲ್ಲಿ ಅಂಥ ಅಭಿಮಾನಿಗಳು ಹೆಚ್ಚು ಅನುಕೂಲ ಭಾವ ತೋರಿದರು. ನಾಡಿನ ಅಭಿಮಾನ ತಾನಾಗಿಯೇ ಪರದ್ವೇಷವಾಗುವುದಿಲ್ಲ. ಆ ನಾಡನ್ನು ಅದರ ನಾಯಕರು ಹೇಗೆ ಚಿತ್ರಿಸುತ್ತಾರೆಂಬುದರ ಮೇಲೆ ಅದರ ದಿಕ್ಕು ನಿಲ್ಲುತ್ತದೆಂಬ ವಿವರಣೆಗೆ ಇದು ಆಧಾರವಾಯಿತು.

ಆದರೆ ಜನರ ಮಿತಭಾವಕ್ಕೆ ರಾಜಕಾರಣದಲ್ಲಿ ದಾರಿ ಸಿಗಲಿಲ್ಲ. ಪಕ್ಷಗಳು ತಮ್ಮ ಭಾಷಿಕರಲ್ಲಿ ಮಾತ್ರ ಮತ ಯಾಚಿಸುವುದರಿಂದ, ಗಡಿಯಾಚೆಯವರನ್ನು ಕೆರಳಿಸಿದ ಪಕ್ಷಕ್ಕೆ ಅವರಿಂದ ಶಿಕ್ಷೆಯಾಗುವ ಸಂಭವ ತೀರ ಕಡಿಮೆ. 2010ರ ಜೂನ್ ಚುನಾವಣೆಯ ನಂತರ ಪೂರ್ಣಾಧಿಕಾರದ ಸರ್ಕಾರ ರಚನೆಯಾಗಲು 541 ದಿನಗಳು ಹಿಡಿದವು.

ಕರ್ನಾಟಕದ ಗಡಿಗಳ ಚರಿತ್ರೆಯಲ್ಲಿಯೂ ಗಣತಿ ಇದೇ ಪಾತ್ರವನ್ನು ವಹಿಸಿದೆ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ಸಲಹೆಯಂತೆ ಒಂದು ಭಾಷೆಯವರು ಶೇಕಡಾ 70 ಅಥವಾ ಹೆಚ್ಚಿರುವ ರಾಜ್ಯ ಏಕಭಾಷಿಕ. ಶೇಕಡಾ 30ರಷ್ಟು ಅಲ್ಪಸಂಖ್ಯಾತರಿದ್ದರೆ ಅದು ದ್ವಿಭಾಷಿಕ. 1967ರಲ್ಲಿ ವರದಿ ಸಲ್ಲಿಸಿದ ಮಹಾಜನ ಆಯೋಗ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿದಾಗ ಶೇಕಡಾವಾರು ಲೆಕ್ಕಗಳೇ ವಾದವಿವಾದದ ಆಯುಧಗಳಾದವು. ಕಾಸರಗೋಡಿನಲ್ಲಿ ತುಳುವನ್ನೋ ಕೊಂಕಣಿಯನ್ನೋ ಮನೆಮಾತಾಗಿ ಉಳ್ಳ ಕುಟುಂಬ, ಕನ್ನಡ ಶಾಲೆಯಲ್ಲಿ ಓದಿ ಕನ್ನಡ ಪತ್ರಿಕೆ ತರಿಸುತ್ತಿದ್ದರೂ, ಗಣತಿಯ ಮಾತೃಭಾಷೆಯ ಅಂಕಣದಲ್ಲಿ ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ. ವೂರೆನ್ನಿನ ಹಳ್ಳಿಗರಂತೆ ಇವರ ಮನೆಮಾತೂ ಒಲವೂ ಒಂದೇ ಅಂಕಣದಲ್ಲಿ ಹಿಡಿಸುವಂಥವಲ್ಲ.

ಹಾಗೆಂದು ಪ್ರಶ್ನೆಯನ್ನು ಅಳಿಸಿಹಾಕುವುದು ಪರಿಹಾರವಾಗದು. 1961ರ ನಂತರ ಬೆಲ್ಜಿಯಂನಲ್ಲಿ ಯಾವ ಊರಿನಲ್ಲಿ ಯಾವ ಭಾಷಿಕರೆಷ್ಟು ಎಂಬುದಕ್ಕೆ ಅಧಿಕೃತ ಲೆಕ್ಕವಿಲ್ಲ. ದೇಶವ್ಯಾಪಿ ಮಾದರಿ ಸಮೀಕ್ಷೆಯಲ್ಲಿ ನಾಲ್ಕು ಸಾವಿರ ಜನರ ಸಮುದಾಯದಿಂದ ಒಬ್ಬಿಬ್ಬರು ಆಯ್ಕೆಯಾದರೂ ಅದು ಆಕಸ್ಮಿಕ. ಗಣತಿ ಅಲ್ಪಸಂಖ್ಯಾತರನ್ನು ಒಂದು ಪಕ್ಷಕ್ಕೆ ನೂಕಿದರೆ, ದೊಡ್ಡ ಸಮೀಕ್ಷೆ ಅವರನ್ನು ಕಾಣದೆಯೇ ಉಳಿಯುತ್ತದೆ. ಗಡಿಯ ಸಮುದಾಯಗಳ ಮನಸ್ಸನ್ನು ತಿಳಿಯಬೇಕಾದರೆ ಅವರ ನಡುವೆಯೇ ಸಾಕಷ್ಟು ಜನರನ್ನು ಆಯ್ದು, ಮನೆಯಲ್ಲಿ ಯಾವ ಮಾತು, ಶಾಲೆಯಲ್ಲಿ ಯಾವುದು, ಕಚೇರಿಯಲ್ಲಿ ಯಾವುದು ಬೇಕೆಂದು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಉತ್ತರ ಕೊಟ್ಟ ಮಾತ್ರಕ್ಕೆ ತಮ್ಮ ಊರು ಕೈತಪ್ಪಿ ಹೋಗುವುದಿಲ್ಲವೆಂಬ ಭರವಸೆ ಅವರಿಗೆ ಮೊದಲು ಸಿಗಬೇಕು.