ಹಡಗಿನ ರಮ್ಮು, ಅಳತಿ ಲೋಟ

ನಳದ ನೀರು ಎಂಟು ದಿವಸಕ್ಕೊಮ್ಮೆ ಬರೋ ಓಣ್ಯಾಗ ಸಂಸಾರ ಮಾಡಿದವರಿಗೆ ಈ ಇತಿಹಾಸ ಲಗೂನ ತಿಳೀತದ. ಬ್ಯಾರಲ್ ತಿಕ್ಕಿ, ತುಂಬಿಸಿ, ಮ್ಯಾಲ ಅರಿವಿ ಕಟ್ಟಿ ಇಟ್ಟರೂ ಐದನೇ ದಿವಸಕ್ಕ ನೀರಾಗ ಸಣ್ಣ ಹುಳಾ ಆಡತಾವ, ಅಲ್ಲೇನ್ರಿ? ಈಗ ಅದ ನೀರನ್ನ ಕಟ್ಟಿಗಿ ಪೀಪಾಯಿಯೊಳಗ ತುಂಬಿ, ಸುಡೋ ಬಿಸಲಾಗ ಸಮುದ್ರದ ಮ್ಯಾಲ ಮೂರು ತಿಂಗಳು ಇಟ್ಟರ ಹೆಂಗಾದೀತು ನೋಡ್ರಿ. ಪಾಚಿ ಕಟ್ಟಿ, ಲೋಳಿ ಆಗಿ, ಮೂಗಿನ ಹತ್ರ ಒಯ್ಯಲಿಕ್ಕೆ ಆಗತಿರಲಿಲ್ಲ. ಹಾಯಿ ಹಡಗಿನ ಕಾಲದಾಗ ಇಂಗ್ಲೆಂಡಿನ ನೌಕಾಪಡೆಯವರು ತಮ್ಮ ಮಂದಿಗೆ ಬಿಯರ್ ಕೊಡಲಿಕ್ಕೆ ಹತ್ತಿದ್ದರ ಹಿಂದ ಈ ಕಥಿನೂ ಅದ. ದಿನಕ್ಕ ಒಬ್ಬೊಬ್ಬಗ ಒಂದೊಂದು ಗ್ಯಾಲನ್, ಅಂದ್ರ ನಾಲ್ಕೂವರೆ ಲೀಟರಿನಷ್ಟು! ಓದಿ ನಾನೂ ಬಾಯಿ ಮ್ಯಾಲ ಕೈ ಇಟ್ಕೊಂಡೆ. ನೀರಡಿಕಿಗೆ ಅದ, ಊಟಕ್ಕೂ ಅದ.

ಆದ್ರ ಬಿಯರೂ ಕೆಡತದ. ಬ್ಯಾಸಗಿಯೊಳಗ ದ್ವಾಸಿ ಹಿಟ್ಟು ಹುಳಿ ಬಂಧಂಗ, ಬಿಸಿ ಸೀಮಿಗೆ ಹೋದ ಹಡಗಿನ್ಯಾಗ ಬಿಯರ್ ಹುಳಿ ಬರತಿತ್ತು. 1655ರಾಗ ಇಂಗ್ಲಿಷರು ಜಮೈಕಾ ದ್ವೀಪ ಗೆದ್ದರು. ಅಲ್ಲೆ ಕಬ್ಬಿನ ಗದ್ದಿ, ಸಕ್ರಿ ಮಾಡಿ ಉಳಿದ ಕಾಕಂಬಿ, ಕಾಕಂಬಿಯಿಂದ ರಮ್ಮು. (ಆ ಗದ್ದಿಯೊಳಗ ದುಡಿದವರು ಆಫ್ರಿಕಾದಿಂದ ಹಿಡಕೊಂಡು ತಂದ ಗುಲಾಮರು. ರಮ್ಮಿನ ಚಂದನ ಚಂದ ಕಥಿ ಹೇಳೋರು ಇದನ್ನ ಬಿಟ್ಟ ಬಿಡತಾರ.) ರಮ್ಮು ಕೆಡಂಗಿಲ್ಲ, ಜಾಗಾನೂ ಕಡಿಮಿ ಸಾಕು. 1731ರ ನೌಕಾ ನಿಯಮದಾಗ ಲೆಕ್ಕ ಹಿಂಗ ಬರದಾರ: ಒಂದು ಗ್ಯಾಲನ್ ಬಿಯರಿನ ಬದಲಿಗೆ ಒಂದು ಪಿಂಟ್ ವೈನ್, ಇಲ್ಲಾ ಅರ್ಧಾ ಪಿಂಟ್ ಬ್ರಾಂಡಿ, ರಮ್ಮು, ಅಥವಾ ಅರಕ್. ಆ ಅರಕ್ ನಮ್ಮ ಕಡಿ ಸಾಮಾನು ಬಿಡ್ರಿ. ತೆಂಗಿನ ಶೇಂದಿ ಭಟ್ಟಿ ಇಳಿಸಿದ್ದು. ಅರಬ್ಬಿಯೊಳಗ ಆ ಮಾತಿಗೆ ಬೆವರು ಅಂತ ಅರ್ಥ. ಭಟ್ಟಿ ಪಾತ್ರಿಯೊಳಗ ಹನಿ ಹನಿ ಕಟ್ಟಿ ಇಳಿಯೋದನ್ನ ನೋಡಿ ಇಟ್ಟ ಹೆಸರು.

ಅರ್ಧಾ ಪಿಂಟ್ ಅಂದ್ರ ಹತ್ತತ್ರ ಕಾಲು ಲೀಟರ್. ನೀರು ಬೆರಸದ, ಒಮ್ಮೆಲೆ ಗಟಗಟ ಕುಡೀತಿದ್ರು. ಆಮ್ಯಾಲ ಮರದೆತ್ತರದ ಕೂವಿಕಂಬ ಏರಿ ಹಾಯಿ ಕಟ್ಟಬೇಕು! ಜೋಲಿ ತಪ್ಪಿ ಬಿದ್ದರ ಸಮುದ್ರ, ಇಲ್ಲಾ ಕಟ್ಟಿಗಿ ಹಾಸು. ಬೀಳದ ಉಳಿದವಗ ಕುಡದದ್ದಕ್ಕ ಬೆನ್ನ ಮ್ಯಾಲ ಚಾಟಿ ಏಟು. ಕುಡಿಸಿದವರೂ ಅವರ, ಹೊಡದವರೂ ಅವರ.

ಎಡ್ವರ್ಡ್ ವರ್ನನ್ ಅಂತ ಅಡ್ಮಿರಲ್ ಇದ್ದ. ಆವಾ 1740ರ ಆಗಸ್ಟ್ 21ಕ್ಕ ಜಮೈಕಾದಾಗ ಒಂದು ಹುಕುಂ ಹೊರಡಿಸಿದ. ಅರ್ಧಾ ಪಿಂಟ್ ರಮ್ಮಿಗೆ ಒಂದು ಕ್ವಾರ್ಟ್ ನೀರು, ಅಂದ್ರ ಒಂದಕ್ಕ ನಾಕು ಪಾಲು, ಕಲಸಬೇಕು. ಅದನ್ನೂ ಒಮ್ಮೆ ಕೊಡಂಗಿಲ್ಲ. ಮಧ್ಯಾಹ್ನದ ಮುಂಚೆ ಒಮ್ಮೆ, ಸಂಜಿಮುಂದ ಒಮ್ಮೆ. ಕಲಸೋದು ಮೂಲ್ಯಾಗ ಅಲ್ಲ, ಹಡಗಿನ ಮ್ಯಾಲಿನ ಹಾಸಿನ ಮ್ಯಾಲ, ಅಧಿಕಾರಿ ಎದುರಿಗೆ, ಅದಕ್ಕಂತನ ಇಟ್ಟ ಪೀಪಾಯಿಯೊಳಗ. ಯಾರಿಗೂ ಪಾಲಿನ್ಯಾಗ ಮೋಸ ಆಗಬಾರದು ಅಂತ. ಹಾಲಿನವಾ ನಮ್ಮ ಕಣ್ಣೆದುರಿಗೆ ಅಳೀಬೇಕು ಅಂತ ನಮ್ಮ ಅತ್ತಿಯವರು ಹಟಾ ಹಿಡೀತಿದ್ರಲ್ಲ, ಹಂಗ. ಇದರಾಗ ಇನ್ನೊಂದು ಶಾಣ್ಯಾತನ ಅದ: ನೀರು ಕಲಸಿದ ರಮ್ಮು ಭಾಳ ಹೊತ್ತು ಛೊಲೊ ಇರಂಗಿಲ್ಲ. ಕೂಡಿಸಿ ಇಟ್ಟು, ಒಂದ ದಿವಸ ಕುಡದು ಬೀಳೋ ಹಂಚಿಕಿ ನಡೀಲಿಲ್ಲ.

ವರ್ನನ್ ದಿನಾ ಗ್ರೋಗ್ರಮ್ ಅನ್ನೋ ದಪ್ಪ ಬಟ್ಟಿ ಕೋಟು ಹಾಕತಿದ್ದ. ಹುಡುಗರು ಅವಗ ಓಲ್ಡ್ ಗ್ರಾಗ್ ಅಂತಿದ್ರು. ಸಿಟ್ಟಿಗೆ ಆ ನೀರು ರಮ್ಮಿಗೂ ಗ್ರಾಗ್ ಅಂತ ಹೆಸರಿಟ್ಟರು. ತೂಕಡಸ್ತಾ ಎದ್ದವಗ ಇಂಗ್ಲಿಷಿನ್ಯಾಗ ಗ್ರಾಗಿ ಅಂತಾರಲ್ಲ, ಅದು ಇಲ್ಲಿಂದನ ಬಂದದ್ದು.

ಅದ ಹುಕುಮಿನ್ಯಾಗ, ದುಡ್ಡು ಕಾಸು ಹಿಡದು ನಡಿಯೋವರು ಬೇಕಾದ್ರ ಸಕ್ರಿ, ಲಿಂಬಿಹಣ್ಣು ಕೊಂಡು ಅದಕ್ಕ ರುಚಿ ಮಾಡಿಕೊಳ್ಳಲಿ ಅಂತನೂ ಅದ. ಸಕ್ರಿ, ಲಿಂಬಿ, ನೀರು: ನಮ್ಮ ಪಾನಕನ! ಆದ್ರ ರಮ್ಮಿನಿಂದ ಹಡಗಿನವರ ರೋಗ ಹೋತು ಅಂತ ಯಾರರೆ ಅಂದ್ರ ನಂಬಬ್ಯಾಡ್ರಿ. ಒಸಡು ಬಾತು ರಕ್ತ ಬರೋ ಸ್ಕರ್ವಿ ರೋಗಕ್ಕ 1747ರಾಗ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ 12 ಮಂದಿಗೆ ಇಬ್ಬಿಬ್ಬರ ಹಂಗ ಬ್ಯಾರೆ ಬ್ಯಾರೆ ಔಷಧ ಕೊಟ್ಟು ನೋಡಿದ. ಕಿತ್ತಳಿ, ಲಿಂಬಿ ತಿಂದ ಇಬ್ಬರು ಲಗೂನ ಎದ್ದು ಕೂತರು. ಗುಣಾ ಮಾಡಿದ್ದು ಹಣ್ಣು.

ಕೆಳಗ ಹುಡುಗರೊಳಗ ರಮ್ಮು ರೊಕ್ಕ ಇದ್ದಂಗ ಓಡಾಡತಿತ್ತು. ಒಬ್ಬ ಇನ್ನೊಬ್ಬನ ಪಾಳಿ ಕೆಲಸಾ ಮಾಡಿದ್ರ, ಅವನ ಲೋಟದಾಗಿಂದ ಒಂದು ಗುಟುಕು, ಅದಕ್ಕ ಸಿಪ್ಪರ್ಸ್. ದೊಡ್ಡ ಉಪಕಾರಕ್ಕ ಒಂದು ದೊಡ್ಡ ಗುಟುಕು, ಗಲ್ಪರ್ಸ್. ಭಾಳ ದೊಡ್ಡ ಋಣ ಇದ್ರ ಲೋಟದ ತಳಾ ಕಾಣೋತನಕ, ಸ್ಯಾಂಡಿ ಬಾಟಮ್ಸ್. ಒಂದು ವಾಟಗಾ ಸಕ್ರಿ ಕಡಾ ಒಯ್ದು, ತಿರುಗಿ ಕೊಡೋವಾಗ ತಲಿ ತುಂಬ ಕೊಡೋ ಲೆಕ್ಕ ನಮಗೂ ಅದ ಅಲ್ಲ.

ಮುಂದ ಅಳತಿ ಕಡಿಮಿ ಆಗತಾ ಬಂತು. 1824ರಾಗ ಅರ್ಧಾ ಆತು, ಬದಲಿಗೆ ಚಹಾ, ಕೋಕೋ ಕೊಟ್ಟರು. 1851ಕ್ಕ ಮತ್ತ ಅರ್ಧಾ. ಪಿಂಟಿನ ಎಂಟನೇ ಪಾಲು, ಸುಮಾರು 70 ಮಿಲಿಲೀಟರ್ ಉಳೀತು. 20 ವರ್ಷ ತುಂಬದವರಿಗೆ ಇಲ್ಲ. ಕುಡಿಯಂಗಿಲ್ಲ ಅಂತ ಹೆಸರು ಬರೆಸಿದವಗ 20ನೇ ಶತಮಾನದಾಗ ದಿನಕ್ಕ ಮೂರು ಪೆನ್ನಿ ಕೈಗೆ. ನನಗ ಭಾಳ ಮನಸಿಗೆ ಬಂದದ್ದು ಆ ಮೂರು ಪೆನ್ನಿ. ಬಿಟ್ಟವಗ ಬರೇ ಶಭಾಶ್ ಅಂದು ಕೂಡಲಿಲ್ಲ, ರೊಕ್ಕಾ ಕೊಟ್ಟರು. ಅದು ಮನಿ ಮುಟ್ಟಿದ್ರ ಹೆಂಡತಿ ಬ್ರೆಡ್ಡು ತರಬಹುದು. ಅಮೆರಿಕದವರು 1862ರಾಗ ಗ್ರಾಗ್ ಬಂದ್ ಮಾಡಿದಾಗಲೂ ದಿನಕ್ಕ ಐದು ಸೆಂಟ್ ಪಗಾರ ಏರಿಸಿದ್ರು. ನಮ್ಮ ರಾಜ್ಯದಾಗ 2007ರ ಜುಲೈ 1ಕ್ಕ ಸಾರಾಯಿ ಬಂದ್ ಆದಾಗ ನಮ್ಮ ಓಣ್ಯಾಗ ಇಬ್ಬರು ಮೂವರು ಹೆಣ್ಣಮಕ್ಕಳು ಸಕ್ರಿ ಹಂಚಿದ್ರು, ನೆನಪದ. ಆ ಹಡಗಿನ್ಯಾಗ ಅಳಿಯೋವಾಗ ನೋಡಲಿಕ್ಕೆ ಒಬ್ಬ ಅಧಿಕಾರಿ ನಿಂತಿರತಿದ್ದ. ಮನ್ಯಾಗ ಯಾರು ನಿಂತಿದ್ರು ಹೇಳ್ರಿ? ಹಂಗಾಗಿ ಅಳತಿ ಛೊಲೊನೋ ಪೂರಾ ಬಂದ್ ಛೊಲೊನೋ ಅನ್ನೋ ವಾದದಾಗ ನಾ ಮದಲ ಕೇಳೋದು, ಲೋಟಾ ಹಿಡದವರು ಯಾರು ಅಂತ.

ಇಂಗ್ಲೆಂಡಿನವರು ನಿಲ್ಲಿಸಿದ್ದು 1970ರ ಜುಲೈ 31ಕ್ಕ. ಅಷ್ಟೊತ್ತಿಗೆ ಹಡಗಿನ್ಯಾಗ ಹಾಯಿ ಹೋಗಿ ನಾಜೂಕು ಯಂತ್ರಗೋಳು ಬಂದಿದ್ದವು. ಮಧ್ಯಾಹ್ನ ರಮ್ಮು ಕುಡದವನ ಕೈಯಾಗ ಅವನ್ನ ಕೊಡೋದು ಹೆಂಗ ಅಂತ ಪಾರ್ಲಿಮೆಂಟಿನ್ಯಾಗ ಚರ್ಚೆ ಆತು. ಕಡೀ ದಿವಸ ಹುಡುಗರು ತೋಳಿಗೆ ಕರೀ ಪಟ್ಟಿ ಕಟ್ಟಿಕೊಂಡು ರಮ್ಮಿನ ಅಂತ್ಯಕ್ರಿಯಾ ಮಾಡಿದ್ರು. ಬದಲಿಗೆ 27 ಲಕ್ಷ ಪೌಂಡ್ ನಾವಿಕರ ನಿಧಿಗೆ ಹೋತು.

ಈಗ ಹವ್ಯಾಸಕ್ಕ ಹಾಯಿ ದೋಣಿ ನಡಸೋ ಮಂದಿಯೊಳಗ ಶಾಣ್ಯಾ ಇದ್ದವರು ಹಾಯಿ ಬಿಚ್ಚಿದಾಗ ಬಾಟ್ಲಿ ಮುಟ್ಟಂಗಿಲ್ಲ. ಲಂಗರು ಹಾಕಿ, ದೋಣಿ ಕಟ್ಟಿದ ಮ್ಯಾಲನ ಲೋಟಾ ತಗೀತಾರ. ಬಿಸಲು, ಉಪ್ಪು ಗಾಳಿಯೊಳಗ ಮದಲ ಮೈಯಾಗಿನ ನೀರು ಆರಿರತದ, ಆವಾಗ ಕುಡದ್ರ ಲಗೂ ಏರತದ ಅಂತ.

ಇನ್ನ ಉಳಿದ ರಮ್ಮು ಏನಾತು ಅಂತೀರೇನು? ಬೆತ್ತದ ಬುಟ್ಟಿ ಹೆಣದ, ನಮ್ಮ ಉಪ್ಪಿನಕಾಯಿ ಭರಣಿಯಂಥಾ ದೊಡ್ಡ ಜಾಡಿಯೊಳಗ ಹಂಗ ಕೂತಿತ್ತು. 2010ರಾಗ ಅದನ್ನ ಬಾಟ್ಲಿಗೆ ತುಂಬಿ ಮಾರಿದ್ರು, ಒಂದೊಂದಕ್ಕ ಸುಮಾರು 600 ಪೌಂಡ್.