ಹಂದಿಗೋಡಿನ ಅಸ್ಥಿರೋಗ: ಕಾರಣಾನ್ವೇಷಣೆಯ ಇತಿಹಾಸ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು ವೈದ್ಯಗ್ರಂಥಗಳಲ್ಲಿ ಒಂದು ರೋಗದ ಹೆಸರಾಗಿ ಸೇರಿಹೋಗಿದೆ. ಸೊಂಟದ ಕೀಲುಗಳನ್ನೂ ಬೆನ್ನೆಲುಬನ್ನೂ ಕ್ರಮೇಣ ವಿಕಾರಗೊಳಿಸುವ ಈ ಅಪರೂಪದ ಅಸ್ಥಿರೋಗವು 1970ರ ದಶಕದ ಮಧ್ಯಭಾಗದಲ್ಲಿ ಹೊರಜಗತ್ತಿನ ಗಮನಕ್ಕೆ ಬಂದಿತು. ಇದಕ್ಕೆ ಗುರಿಯಾದವರು ಬಹುಮಟ್ಟಿಗೆ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕೃಷಿಕೂಲಿಗಳು.

ಕಾರಣವನ್ನು ಮೊದಲು ಗದ್ದೆಯಲ್ಲಿ ಹುಡುಕಲಾಯಿತು. ಬತ್ತದ ಪೈರಿಗೆ ಸಿಂಪಡಿಸಿದ ಕೀಟನಾಶಕವು ಗದ್ದೆಯ ಏಡಿಗಳ ಮೂಲಕ ಬಡವರ ಊಟವನ್ನು ಸೇರಿರಬಹುದೆಂಬ ಶಂಕೆ ಬಲವಾಗಿತ್ತು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಅವರು 1977ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ಹೆಸರಿಸಿತು. ತರುವಾಯದ ವಂಶಾವಳಿ ಪರಿಶೀಲನೆಯೂ ಕ್ಷಕಿರಣ ಪರೀಕ್ಷೆಯೂ ಇದು ಪ್ರಬಲ ಆನುವಂಶಿಕ ಲಕ್ಷಣವುಳ್ಳ ಅಸ್ಥಿಬೆಳವಣಿಗೆಯ ದೋಷವೆಂದು ತೋರಿಸಿದುವು. ತಂದೆತಾಯಿಗಳಲ್ಲಿ ಒಬ್ಬರಿಗೆ ದೋಷವಿದ್ದರೂ ಪ್ರತಿಯೊಂದು ಮಗುವಿಗೂ ಅದು ಇಳಿದು ಬರುವ ಸಂಭವ ಅರ್ಧದಷ್ಟು. ತಲೆಮಾರಿನಿಂದ ತಲೆಮಾರಿಗೆ ರೋಗವು ಮರುಕಳಿಸುವ ಕಾರಣ ಇದೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೋಷವು ಒಬ್ಬರಿಂದಲೇ ಇಳಿಯಬಲ್ಲುದಾದ ಕಾರಣ, ಬಂಧುವಿವಾಹವೇ ರೋಗದ ಮೂಲವೆಂದು ಆ ಜನರನ್ನು ದೂಷಿಸುವುದು ಯುಕ್ತವಲ್ಲ. ಸಮುದಾಯದೊಳಗಣ ವಿವಾಹವು ದೋಷವನ್ನು ಅಲ್ಲಿಯೇ ಉಳಿಸಿರಬಹುದು. ಅದು ದೋಷವನ್ನು ಹುಟ್ಟಿಸಿತೆನ್ನಲಾಗದು.

ನಮ್ಮ ಕಲಬುರಗಿ, ರಾಯಚೂರು ಜಿಲ್ಲೆಗಳ ಸಂದರ್ಭದಲ್ಲಿ ಈ ವಿವೇಚನೆಗೆ ವಿಶೇಷ ಅರ್ಥವಿದೆ. ಕುಡಿಯುವ ನೀರಿನಲ್ಲಿ ಮಿತಿಮೀರಿದ ಫ್ಲೋರೈಡಿದ್ದಲ್ಲಿ ಕಾಲಕ್ರಮದಲ್ಲಿ ಬೆನ್ನೆಲುಬು ಬಿಗಿದು ಮನುಷ್ಯನು ಬಾಗುತ್ತಾನೆ. ಅಲ್ಲಿ ನೀರನ್ನು ಬದಲಿಸಿದರೆ ಮುಂದಿನ ತಲೆಮಾರು ಪಾರಾಗುತ್ತದೆ. ಹಂದಿಗೋಡಿನಲ್ಲಾದರೋ ಅಂಥ ಸುಲಭವಾದ ನಿವಾರಣೋಪಾಯವಿಲ್ಲ. ರೋಗವನ್ನು ಮೂಲದಿಂದ ನಿವಾರಿಸುವ ಔಷಧವೂ ಇಲ್ಲ. ನೋವಿನ ಶಮನ, ವ್ಯಾಯಾಮ, ಸವೆದ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ, ಇಷ್ಟೇ ವೈದ್ಯನ ಕೈಲಾದುದು.

ಆದಕಾರಣ ಕಾರಣವು ತಿಳಿದೊಡನೆ ಸಮಸ್ಯೆಯು ಮುಗಿಯಿತೆಂದು ಭಾವಿಸಲಾಗದು. ಕಾರಣವನ್ನು ಗದ್ದೆಯಿಂದ ರಕ್ತಕ್ಕೆ ವರ್ಗಾಯಿಸಿದ ಮಾತ್ರಕ್ಕೆ ಸಮಾಜದ ಹೊಣೆ ಇಳಿಯುವುದಿಲ್ಲ. ನಡುವಯಸ್ಸಿಗೇ ದುಡಿಮೆಯನ್ನು ಕಳೆದುಕೊಂಡ ಕೂಲಿಗೆ ಜೀವನಾಧಾರವನ್ನು ಒದಗಿಸುವುದೂ ಚಿಕಿತ್ಸೆಯ ಭಾಗವೇ. ರಾಜರ ವಂಶಾವಳಿಗಳನ್ನು ಶ್ರದ್ಧೆಯಿಂದ ಓದುವ ಇತಿಹಾಸದ ವಿದ್ಯಾರ್ಥಿಗಳು ಈ ಕೂಲಿಗಳ ವಂಶಾವಳಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಪರಿಶೀಲಿಸುವುದು ಅಪೇಕ್ಷಣೀಯ.